ಬಿದರಿಯನ್ನು ಗಾಜಿನ ಪೆಟ್ಟಿಗೆಯಿಂದ ಹೊರಗೆ ತನ್ನಿ: ಮುಂದಿನ ವಿಶ್ವ ಮೇಳದ ಭಾರತ ಪೆವಿಲಿಯನ್ ಕಟ್ಟುವವರಿಗೆ ಬಹಿರಂಗ ಪತ್ರ

ಭಾರತ ಸರ್ಕಾರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಿಗೆ, ಸಂಸ್ಕೃತಿ ಸಚಿವರಿಗೆ, ಹಾಗೂ ಮುಂದೆ ಈ ಕೆಲಸ ವಹಿಸಿಕೊಳ್ಳಲಿರುವ ಎಲ್ಲ ಅಧಿಕಾರಿಗಳಿಗೆ, ವಿನ್ಯಾಸಕಾರರಿಗೆ.

ಮಾನ್ಯರೇ,

ನಾನು ಬೆಂಗಳೂರಿನ ಪೀಣ್ಯದಲ್ಲಿ ಮೂವತ್ತೆರಡು ವರ್ಷ ಟೂಲ್‌ರೂಮ್ ಕೆಲಸ ಮಾಡಿ ನಿವೃತ್ತನಾದವನು. ಲೋಹ ಕಡೆಯುವುದು, ಅಳೆಯುವುದು, ಒಂದು ಭಾಗವನ್ನು ಇನ್ನೊಂದಕ್ಕೆ ಕೂರಿಸುವುದು ನನ್ನ ಕಸುಬು. ನಾನು ವಾಸ್ತುಶಿಲ್ಪಿಯಲ್ಲ, ಕಲಾ ವಿಮರ್ಶಕನೂ ಅಲ್ಲ. ಆದರೆ ಯಾವುದೇ ವಸ್ತು ಕಣ್ಣಿಗೆ ಬಿದ್ದರೆ, ಇದನ್ನು ಯಾರು ಮಾಡಿದರು, ಹೇಗೆ ಮಾಡಿದರು ಎಂದು ಕೇಳದೆ ಮುಂದೆ ಹೋಗುವುದು ನನ್ನಿಂದಾಗದು. ಈ ಪತ್ರ ಬರೆಸುತ್ತಿರುವುದೂ ಆ ಎರಡು ಪ್ರಶ್ನೆಗಳೇ.

2025ರ ಜೂನ್‌ನಲ್ಲಿ, ಜಪಾನಿನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಸಾಕಾದ ವಿಶ್ವ ಮೇಳ ನೋಡಿದೆ. ಸಮುದ್ರ ತುಂಬಿಸಿ ಮಾಡಿದ ಯುಮೆಶಿಮಾ ಎಂಬ ದ್ವೀಪದ ಮೇಲೆ ಏಪ್ರಿಲ್ 13ರಿಂದ ಅಕ್ಟೋಬರ್ 13ರವರೆಗೆ ನಡೆದ ಮೇಳವದು. ದೇಶದೇಶಗಳ ಪ್ರದರ್ಶನ ಮಂಟಪಗಳಾದ ಪೆವಿಲಿಯನ್‌ಗಳಲ್ಲಿ ಬಹುಪಾಲನ್ನು ಒಳಗಿಟ್ಟುಕೊಂಡು ಸುತ್ತಲೂ ಒಂದು ಮರದ ಬಳೆ ನಿಂತಿತ್ತು. ಸೊ ಫುಜಿಮೊಟೊ ಎಂಬ ವಾಸ್ತುಶಿಲ್ಪಿ ರೂಪಿಸಿದ್ದು, ಸುತ್ತಳತೆ ಸುಮಾರು 2 ಕಿಲೋಮೀಟರ್, ಗಿನ್ನೆಸ್ ದಾಖಲೆಯ ಪ್ರಕಾರ ಜಗತ್ತಿನ ಅತಿ ದೊಡ್ಡ ಮರದ ಕಟ್ಟಡ. ಅದರ ಖರ್ಚಿನ ಬಗ್ಗೆ ಜಪಾನಿನಲ್ಲೇ ಟೀಕೆ ಇತ್ತು. ಆ ಚರ್ಚೆ ಅವರದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಸಂದುಗಳು.

ಕಂಬದಲ್ಲಿ ತೂತು ಕೊರೆದು, ತೊಲೆಯನ್ನು ಈ ಬದಿಯಿಂದ ಆ ಬದಿಗೆ ತೂರಿಸಿ, ಉಳಿದ ಸಂದಿಗೆ ಬೆಣೆ ಬಡಿದು ಬಿಗಿ ಮಾಡುವ ಪದ್ಧತಿ. ಅವರು ಅದನ್ನು ನುಕಿ ಎನ್ನುತ್ತಾರೆ. ಕ್ಯೋಟೊದ ಕಿಯೊಮಿಜು ದೇವಾಲಯದ ಎತ್ತರದ ಜಗಲಿ ಶತಮಾನಗಳಿಂದ ನಿಂತಿರುವುದು ಇದೇ ಕಟ್ಟುವಿಕೆಯ ಮೇಲೆ. ತೊಟ್ಟಿ ಮನೆಯ ಕಂಬ, ಬೋದಿಗೆ, ಅಟ್ಟದ ತೊಲೆಗಳನ್ನು ನೋಡಿ ಬೆಳೆದ ನಮ್ಮ ಮಲೆನಾಡಿನವರಿಗೆ ಇದು ತೀರ ಹೊಸದೇನಲ್ಲ. ಆದರೆ ಜಪಾನ್ ಭೂಕಂಪದ ನಾಡು. ಹಾಗಾಗಿ ಈ ಬಳೆಯ ಸಂದುಗಳಿಗೆ ಲೋಹದ ಬಲವನ್ನೂ ಇಂದಿನ ಲೆಕ್ಕಾಚಾರವನ್ನೂ ಸೇರಿಸಿದ್ದರು. ನಾನು ಒಂದು ಕಂಬದ ಬಳಿ ನಿಂತು, ಬೆಣೆಯ ಅಂಚಿಗೂ ತೊಲೆಗೂ ನಡುವೆ ಉಗುರು ತೂರುತ್ತದೆಯೇ ಎಂದು ನೋಡಿದೆ. ತೂರಲಿಲ್ಲ. ನನ್ನ ಪಕ್ಕದಲ್ಲಿ ಒಬ್ಬ ಜಪಾನಿ ಮುದುಕರು ಅದೇ ಬೆಣೆಯನ್ನು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಮೊಮ್ಮಗನಿಗೆ ಏನೋ ವಿವರಿಸುತ್ತಿದ್ದರು. ಭಾಷೆ ತಿಳಿಯದಿದ್ದರೂ ಅವರು ಹೇಳುತ್ತಿದ್ದುದೇನೆಂದು ನನಗೆ ಅರ್ಥವಾಯಿತು.

ಬಹ್ರೇನ್ ಎಷ್ಟು ಚಿಕ್ಕ ದೇಶ ನೋಡಿ. ಲೀನಾ ಘೋತ್ಮೆ ಎಂಬ ವಾಸ್ತುಶಿಲ್ಪಿ ಅವರಿಗೆ ಮಾಡಿಕೊಟ್ಟದ್ದು, ಹಳೆಯ ಧೋ ಹಡಗು ಕಟ್ಟುವ ರೀತಿಯಲ್ಲೇ ಸುಮಾರು 3,000 ಮರದ ತುಂಡುಗಳನ್ನು ಜೋಡಿಸಿದ ಪೆವಿಲಿಯನ್. ನಮ್ಮ ಕರಾವಳಿಯವರು ಮಂಜಿ ಎನ್ನುವ ಹಾಯಿ ಹಡಗುಗಳ ಹತ್ತಿರದ ನೆಂಟನದು. ಆ ಕಟ್ಟಡದೊಳಗೆ ನಿಂತಾಗ, ಬೇರಾವ ಫಲಕವನ್ನೂ ಓದದೆ, ಇದು ಸಮುದ್ರವನ್ನು ನಂಬಿ ಬದುಕಿದ ಜನರ ನಾಡು ಎಂದು ತಿಳಿಯುತ್ತಿತ್ತು.

ಇನ್ನು ನಮ್ಮದು. ಒಸಾಕಾದಲ್ಲಿ ನಮ್ಮ ‘ಭಾರತ್’ ಪೆವಿಲಿಯನ್‌ನ ಮುಖಕ್ಕೆ ಅಜಂತಾ ಗುಹೆಯ ಭಿತ್ತಿಚಿತ್ರದ ಪದ್ಮಪಾಣಿ ಬೋಧಿಸತ್ವನೂ ಕಮಲವೂ ಪ್ರೇರಣೆಯಾಗಿದ್ದವು. ಆ ಆಯ್ಕೆಯನ್ನು ಮನಸಾರೆ ಮೆಚ್ಚುತ್ತೇನೆ. ಜಪಾನಿನ ಹೋರ್ಯೂಜಿ ದೇವಾಲಯದ ಭಿತ್ತಿಚಿತ್ರಗಳಿಗೂ ಅಜಂತಾಕ್ಕೂ ಇರುವ ಹೋಲಿಕೆಯನ್ನು ಕಲಾ ಇತಿಹಾಸಕಾರರು ಬಹಳ ಹಿಂದೆಯೇ ಗುರುತಿಸಿದ್ದಾರೆ. 1949ರ ಬೆಂಕಿಯಲ್ಲಿ ಆ ಚಿತ್ರಗಳು ಸುಟ್ಟುಹೋದವು. ಅಂಥ ನಾಡಿನಲ್ಲಿ ಪದ್ಮಪಾಣಿಯನ್ನು ನಿಲ್ಲಿಸುವುದೆಂದರೆ ಕಳೆದುಹೋದ ಬಂಧುವಿನ ಮುಖವನ್ನು ಅವರ ಮನೆಯ ಬಾಗಿಲಿಗೇ ಒಯ್ದಂತೆ. ಚಂದ್ರಯಾನದ ಕಥೆ ಹೇಳಿದ್ದೂ ಸರಿಯೇ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದಾಗ ಅದನ್ನು ನಿಯಂತ್ರಿಸುತ್ತಿದ್ದ ಇಸ್ರೊ ಕೇಂದ್ರ ಇದ್ದದ್ದು ನಮ್ಮ ಪೀಣ್ಯದಲ್ಲೇ. ಅಂದು ರಾತ್ರಿ ನಮ್ಮ ಬೀದಿಯಲ್ಲಿ ಸಿಹಿ ಹಂಚಿದವರಲ್ಲಿ ನಾನೂ ಒಬ್ಬ.

ನನ್ನ ಕೊರಗು ಇರುವುದು ಬೇರೆ ಕಡೆ. ದೇಶವನ್ನು ತೋರಿಸಬೇಕೆಂದಾಗಲೆಲ್ಲ ನಾವು ಎರಡು ಕೋಣೆ ಕಟ್ಟಿಕೊಳ್ಳುತ್ತೇವೆ. ಒಂದರಲ್ಲಿ ಶಿಲ್ಪ, ಸೀರೆ, ಯೋಗ, ಆಯುರ್ವೇದ. ಇನ್ನೊಂದರಲ್ಲಿ ಉಪಗ್ರಹ, ಸೇತುವೆ, ಡಿಜಿಟಲ್ ಪಾವತಿ. ಮೊದಲನೆಯದರಲ್ಲಿ ಭಕ್ತಿಯಿಂದ ಕೈ ಮುಗಿಯಬೇಕು, ಎರಡನೆಯದರಲ್ಲಿ ಬೆರಗಿನಿಂದ ಬಾಯಿ ತೆರೆಯಬೇಕು. ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು ಎನ್ನುವುದು ಎಲ್ಲೂ ಕಾಣುವುದಿಲ್ಲ. ಪರಂಪರೆಯನ್ನು ಮುಗಿದುಹೋದ ಸಂಗತಿಯಂತೆ ಇಡುತ್ತೇವೆ, ಹೊಸತನ್ನು ಆಕಾಶದಿಂದ ಇಳಿದದ್ದೆಂಬಂತೆ. ಎರಡನ್ನೂ ಮಾಡುವ ಕೈಗಳು ಮಾತ್ರ ಎರಡು ಕೋಣೆಯಲ್ಲೂ ಇರುವುದಿಲ್ಲ.

ಇದು ಇಂದಿನ ಮಾತಲ್ಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ, ಗಾಜಿನ ಅರಮನೆ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಮಹಾ ಪ್ರದರ್ಶನವನ್ನು ಎಲ್ಲ ವಿಶ್ವ ಮೇಳಗಳ ತಾಯಿ ಎನ್ನುತ್ತಾರೆ. ಅಲ್ಲಿಗೂ ನಮ್ಮ ಬೀದರ್‌ನ ಬಿದರಿ ಹೋಗಿತ್ತು, ಈಸ್ಟ್ ಇಂಡಿಯಾ ಕಂಪನಿ ಜೋಡಿಸಿದ ಭಾರತದ ವಿಭಾಗದಲ್ಲಿ. ಅಂದಿನ ಯುರೋಪಿನವರು ಕಪ್ಪು ಲೋಹದ ಮೇಲೆ ಹೊಳೆಯುವ ಬೆಳ್ಳಿಯ ಹೂಬಳ್ಳಿ ಕಂಡು ಮರುಳಾದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಂದಿಗೂ ಹಳೆಯ ಬಿದರಿ ಹುಕ್ಕಾ ಬುಡಗಳಿವೆ. ಹಳೆಯ ಬಿದರಿ ಪಾತ್ರೆಗಳ ಜೊತೆ ಲೋಹದ ಹೆಸರು ಉಳಿದಿದೆ, ಊರಿನ ಹೆಸರು ಉಳಿದಿದೆ. ಮಾಡಿದವನ ಹೆಸರು ಬಹುಪಾಲು ದಾಖಲಾಗಲೇ ಇಲ್ಲ. ಅಂದು ಪ್ರದರ್ಶನ ಕಟ್ಟಿದವರು ನಮ್ಮವರಲ್ಲ, ಆಗಿಹೋಯಿತು. ಇಂದು ಕಟ್ಟುವವರು ನಾವೇ.

ಬಿದರಿ ಹೇಗೆ ಹುಟ್ಟುತ್ತದೆ ಎಂದು ತಮ್ಮಲ್ಲಿ ಎಷ್ಟು ಜನ ನೋಡಿದ್ದೀರೋ ತಿಳಿಯದು. ನಾನು ನೋಡಿದ್ದು ಬೀದರ್‌ನ ಚೌಬಾರದ ಸಮೀಪದ ಒಂದು ಸಣ್ಣ ಕಾರ್ಖಾನೆಯಲ್ಲಿ, ಸುಮಾರು ಇಪ್ಪತ್ತು ವರ್ಷದ ಹಿಂದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಮೈಯನ್ನು ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಚೂಪಾದ ಉಳಿಯಿಂದ ಚಿತ್ತಾರ ಕೆತ್ತುತ್ತಾರೆ. ಕೆತ್ತಿದ ಗೆರೆಗೆ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಇಡೀ ಪಾತ್ರೆ ಬೆಳ್ಳಗಾಗಿ, ಬೆಳ್ಳಿ ಎಲ್ಲಿ, ಸತು ಎಲ್ಲಿ ಎಂದು ಗೊತ್ತಾಗದಂತಾಗುತ್ತದೆ. ಎಲ್ಲ ಶ್ರಮವೂ ಮಾಯವಾಯಿತೆನ್ನಿಸುವ ಹೊತ್ತು ಅದು. ಆಗ ಬರುತ್ತದೆ ಕೋಟೆಯ ಮಣ್ಣು.

ಬಿಸಿಲು, ಮಳೆ ಕಾಣದ ಹಳೆಯ ಗೋಡೆಗಳ ಒಳಗಿನಿಂದ ತಂದ ಮಣ್ಣು. ಅಂದು ಆ ಕಾರ್ಖಾನೆಯ ಉಸ್ತಾದರು ಒಂದು ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿ, ತಲೆ ಅಲ್ಲಾಡಿಸಿ, ಆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಇನ್ನೊಂದು ಬುಟ್ಟಿಯ ಮಣ್ಣು ರುಚಿಗೆ ಒಪ್ಪಿತು. ಅದನ್ನು ನವಸಾಗರವೆಂಬ ಉಪ್ಪಿನೊಂದಿಗೆ ನೀರಿನಲ್ಲಿ ಕುದಿಸಿ ಪಾತ್ರೆಯನ್ನು ಮುಳುಗಿಸಿದರು. ಹೊರಗೆ ತೆಗೆದಾಗ ಸತುವಿನ ಮೈಯೆಲ್ಲ ಕಾಡಿಗೆಯಂತೆ ಕಪ್ಪಾಗಿತ್ತು. ಬೆಳ್ಳಿ ಬೆಳ್ಳಿಯಾಗಿಯೇ ಉಳಿದಿತ್ತು. ಕೈಗೆ ಸ್ವಲ್ಪ ಎಣ್ಣೆ ಹಚ್ಚಿಕೊಂಡು ಒರೆಸಿ ನನ್ನ ಅಂಗೈ ಮೇಲಿಟ್ಟರು. ತಾಮ್ರದ ಪಾಲು ಹೆಚ್ಚುಕಡಿಮೆಯಾದರೆ ಈ ಕಪ್ಪು ಹಿಡಿಯುವುದಿಲ್ಲ ಎಂದರು. ಮೂರು ದಶಕ ಲೋಹದೊಂದಿಗೆ ಗುದ್ದಾಡಿದ ನನಗೆ ಆ ಒಂದು ಮಾತಿನಲ್ಲಿ ಎಷ್ಟು ತಲೆಮಾರುಗಳ ಪ್ರಯೋಗ ಅಡಗಿದೆ ಎಂದು ಹೊಳೆದು ಮೈ ಜುಮ್ಮೆಂದಿತು. ಮಿಶ್ರಲೋಹದ ಪ್ರಮಾಣ, ಮೇಲ್ಮೈಯ ರಾಸಾಯನಿಕ ಕ್ರಿಯೆ, ಕಚ್ಚಾ ವಸ್ತುವಿನ ಗುಣಪರೀಕ್ಷೆ, ಎಲ್ಲವೂ ಆ ಕೋಣೆಯಲ್ಲಿತ್ತು.

ಈಗ ಹೇಳಿ, ಇದು ಪರಂಪರೆಯ ಕೋಣೆಗೆ ಸೇರಬೇಕೋ, ನಾವೀನ್ಯದ ಕೋಣೆಗೋ? ಸಿದ್ಧವಾದ ಹೂದಾನಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೇಲೊಂದು ದೀಪ ಬಿಟ್ಟರೆ, ಬಂದವರು ಎರಡು ಗಳಿಗೆ ನಿಂತು ಚೆನ್ನಾಗಿದೆ ಎಂದು ಹೋಗುತ್ತಾರೆ. ಅದೇ ಜಾಗದಲ್ಲಿ ಒಲೆ, ಕುದಿಯುವ ಪಾತ್ರೆ, ಉಸ್ತಾದರು, ಅವರ ಪಕ್ಕದಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಯಿಂದ ಬಂದ ಒಬ್ಬ ಯುವ ಲೋಹತಜ್ಞೆ ಇರಲಿ. ಗಂಟೆಗೊಂದು ವಸ್ತು ಜನರ ಕಣ್ಣೆದುರೇ ಕಪ್ಪಾಗಲಿ. ಕಪ್ಪಾದದ್ದೇಕೆ ಎಂದು ಆಕೆ ವಿವರಿಸಲಿ, ಯಾವ ಮಣ್ಣು ಏಕೆ ಬೇಕೆಂದು ಉಸ್ತಾದರು ಹೇಳಲಿ. ನೋಡಿದ ಮಗು ಆ ಗಳಿಗೆಯನ್ನು ಮರೆಯುವುದಿಲ್ಲ.

ನಮ್ಮಿಂದ ಆಗದ್ದೇನೂ ಅಲ್ಲ. 2010ರ ಶಾಂಘೈ ಮೇಳದಲ್ಲಿ ನಾವೇ ಮಾಡಿ ತೋರಿಸಿದ್ದೇವೆ. ಸಾಂಚಿಯ ಸ್ತೂಪವನ್ನು ನೆನಪಿಸುವ, ಸುಮಾರು 35 ಮೀಟರ್ ಅಗಲದ ಬಿದಿರಿನ ಗುಮ್ಮಟ ಅಲ್ಲಿತ್ತು. ಅದರ ಮೇಲೆ ಸಸಿಗಳನ್ನು ಬೆಳೆಸಿ, ನಡುನಡುವೆ ತಾಮ್ರದ ತಗಡಿನಲ್ಲಿ ಜೀವವೃಕ್ಷ ಮೂಡಿಸಿದ್ದರು. ಕೊಲಂಬಿಯಾದ ಬಿದಿರು ತಜ್ಞ ಸಿಮೋನ್ ವೆಲೆಸ್ ಅದರಲ್ಲಿ ಕೈಜೋಡಿಸಿದ್ದರು. ಬಡವರ ಮರ ಎನ್ನಿಸಿಕೊಂಡ ಬಿದಿರು ಇಷ್ಟು ದೊಡ್ಡ ಕಮಾನನ್ನು ಹೊರಬಲ್ಲದು ಎನ್ನುವುದನ್ನು ಕಟ್ಟಡವೇ ಸಾಧಿಸಿತ್ತು. ದುಬೈ ಮೇಳ ಕೋವಿಡ್‌ನಿಂದ ಮುಂದಕ್ಕೆ ಹೋಗಿ 2021ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ನಡೆಯಿತು. ಅಲ್ಲಿ ನಮ್ಮ ಪೆವಿಲಿಯನ್‌ನ ಹೊರಮೈಯ 600 ಫಲಕಗಳು ತಿರುಗುತ್ತ ಚಿತ್ರ ಬದಲಿಸುತ್ತಿದ್ದವು. ಯಂತ್ರ ಬಲ್ಲವನಿಗೆ ಅದೊಂದು ಹಬ್ಬ. ಆದರೂ ಎರಡರಲ್ಲಿ ನನ್ನ ಮನಸ್ಸು ಹೋಗುವುದು ಶಾಂಘೈಯ ಬಿದಿರಿನ ಕಡೆಗೇ. ತಿರುಗುವ ಫಲಕವನ್ನು ಯಾವ ದೇಶವಾದರೂ ಕೊಂಡು ತಂದು ಹಚ್ಚಬಹುದು.

ಚನ್ನಪಟ್ಟಣ ನನ್ನ ಹೆಂಡತಿಯ ತವರು. ಅಲ್ಲಿ ನಮ್ಮ ಮಾವನವರ ಮನೆಯ ಎದುರಿನ ಕೋಣೆಯಲ್ಲಿ ಒಬ್ಬ ಹಿರಿಯರು ಇಂದಿಗೂ ಲೇತ್ ತಿರುಗಿಸುತ್ತಾರೆ. ಹಾಲೆ ಮರದ ತುಂಡು ಗಿರ್ರೆಂದು ತಿರುಗುವಾಗ ಉಳಿ ಹಿಡಿದು ಆಕಾರ ಕೊಡುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಕೊನೆಗೆ ಒಂದು ತಾಳೆಗರಿ ಮಡಿಸಿ ಒತ್ತಿದರೆ ಮುಖ ಕಾಣುವಷ್ಟು ಹೊಳಪು ಬರುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗಳಿಂದ ಈ ವಿದ್ಯೆ ಬಂತೆಂದು ಊರಿನವರು ಹೇಳುತ್ತಾರೆ. ಬೊಂಬೆಗಳ ಪಿತಾಮಹರೆಂದು ಅವರು ನೆನೆಯುವ ಬಾವಾಸ್ ಮಿಯಾನ್ ಜಪಾನಿನ ಕೌಶಲವನ್ನೂ ಇದಕ್ಕೆ ಕೂಡಿಸಿದರಂತೆ. ಹಾಗೆಂದರೆ ನಾವಿಂದು ಪರಂಪರೆ ಎನ್ನುವ ಈ ಬೊಂಬೆ ಒಂದು ಕಾಲದಲ್ಲಿ ಊರಿಗೆ ಬಂದ ಹೊಸ ತಂತ್ರಜ್ಞಾನ. ಆ ಹಿರಿಯರ ಮೊಮ್ಮಗ ಈಗ ಮೊಬೈಲಿನಲ್ಲೇ ನಕ್ಷೆ ತೆಗೆದು, ಅಳತೆ ಹಾಕಿ, ಒಂದಕ್ಕೊಂದು ಹೊಂದಿ ತಿರುಗುವ ಹಲ್ಲಿನ ಚಕ್ರಗಳ ಆಟಿಕೆ ಮಾಡುತ್ತಾನೆ. ಅವನು ತಂದ ಮೊದಲ ಜೋಡಿಯ ಹಲ್ಲು ಸರಿ ಕೂರುತ್ತಿರಲಿಲ್ಲ. ನಾವಿಬ್ಬರೂ ಕುಳಿತು ಒಂದು ಮಧ್ಯಾಹ್ನವೆಲ್ಲ ತಿದ್ದಿದೆವು.

ಕೆಲವು ವರ್ಷಗಳ ಹಿಂದೆ ಆ ಹಿರಿಯರನ್ನೂ ಅವರ ಹೆಂಡತಿಯನ್ನೂ ಒಂದು ದೊಡ್ಡ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಗಾಜಿನ ಹಿಂದೆ ಕುದುರೆ ಸವಾರನ ಬೊಂಬೆಯೊಂದಿತ್ತು. ಕೆಳಗಿನ ಚೀಟಿಯಲ್ಲಿ ‘ಕರ್ನಾಟಕದ ಕರಕುಶಲ ವಸ್ತು’ ಎಂದಷ್ಟೇ ಬರೆದಿತ್ತು. ಅವರು ಬಹಳ ಹೊತ್ತು ಬಗ್ಗಿ ನೋಡಿ, ‘ಇದು ನಾನು ಮಾಡಿದ್ದು ಕಣೇ, ಬಾಲದ ಹತ್ತಿರ ನೋಡು’ ಎಂದು ಹೆಂಡತಿಗೆ ಮೆಲ್ಲಗೆ ಹೇಳಿ ಬೆರಳು ತೋರಿಸಿದರು. ಕಾವಲಿನವರು ಬಂದು, ಗಾಜು ಮುಟ್ಟಬಾರದು ಎಂದರು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಏನಾದರೂ ಹೇಳಬೇಕಿತ್ತು, ಅಂದು ಹೇಳಲಿಲ್ಲ. ಇಂದು ತಮಗೆ ಹೇಳುತ್ತಿದ್ದೇನೆ.

ಪೆವಿಲಿಯನ್‌ನಲ್ಲಿ ಇಡುವ ಪ್ರತಿಯೊಂದು ವಸ್ತುವಿನ ಕೆಳಗೂ ಅದನ್ನು ಮಾಡಿದವರ ಹೆಸರು, ಊರು ಇರಲಿ. ಬೊಂಬೆಗೂ ಇರಲಿ, ಉಪಗ್ರಹದ ಮಾದರಿಗೂ ಇರಲಿ. ಮಾದರಿಯ ಫಲಕದಲ್ಲಿ ಆ ನೌಕೆಯ ಬಿಡಿಭಾಗ ಕಡೆದವರಿಗೂ ಒಂದು ಸಾಲು ಇರಲಿ. ಪೀಣ್ಯದಂಥ ಕಡೆಯ ಎಷ್ಟೋ ಸಣ್ಣ ವರ್ಕ್‌ಶಾಪ್‌ಗಳ ಕೆಲಸಗಾರರು ತಮ್ಮ ಕೈಯಿಂದ ಹೋದ ಲೋಹ ಎಲ್ಲಿ ಕೂತಿತು ಎಂದು ತಿಳಿಯದೆಯೇ ನಿವೃತ್ತರಾಗುತ್ತಾರೆ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಬರೆದುಕೊಳ್ಳುವ ಶ್ರದ್ಧೆ ಬೇಕು.

ಇದಕ್ಕಿಂತ ಕಷ್ಟದ ಬೇಡಿಕೆ ಇನ್ನೊಂದಿದೆ. ವಿನ್ಯಾಸವೆಲ್ಲ ಮುಗಿದ ಮೇಲೆ, ಅಲಂಕಾರಕ್ಕೆ ಇಷ್ಟು ವಸ್ತು ಕಳಿಸಿ ಎಂದು ಕುಶಲಕರ್ಮಿಗೆ ಪಟ್ಟಿ ಕಳಿಸಬೇಡಿ. ನಕ್ಷೆ ಹಾಕುವ ಮೊದಲ ದಿನವೇ ಅವರನ್ನು ಮೇಜಿನ ಸುತ್ತ ಕೂರಿಸಿ, ಅದಕ್ಕೆ ಸಂಬಳ ಕೊಡಿ. ಮರ ಯಾವ ಕಡೆಗೆ ಬಾಗುತ್ತದೆ, ಒಣ ಹವೆಯಲ್ಲಿ ಎಷ್ಟು ಸೀಳುತ್ತದೆ ಎಂದು ಅವರಿಗೆ ಗೊತ್ತು. ಒಸಾಕಾದ ಆ ಬೆಣೆಗಳನ್ನು ಕಾಗದದ ಮೇಲೆ ಗೆರೆ ಎಳೆದವರೊಬ್ಬರೇ ಕೂರಿಸಿರಲಾರರು.

ಸಮಯದ ಮಾತು ಹೇಳದೆ ವಿಧಿಯಿಲ್ಲ. ಒಸಾಕಾ ಮೇಳ ಏಪ್ರಿಲ್ 13ರಂದು ಶುರುವಾದರೆ ನಮ್ಮ ಪೆವಿಲಿಯನ್ ಬಾಗಿಲು ತೆರೆದದ್ದು ಮೇ 1ರಂದು. ಇನ್ನೂ ಕೆಲವು ದೇಶಗಳು ತಡವಾಗಿದ್ದವು ನಿಜ. ಆದರೆ ನನ್ನ ಚಿಂತೆ ಹದಿನೆಂಟು ದಿನಗಳದ್ದಲ್ಲ. ಯಾವ ಕೆಲಸದಲ್ಲೇ ಆಗಲಿ ಅವಧಿ ಕುಗ್ಗಿದಾಗ ಮೊದಲು ಕೈಬಿಟ್ಟುಹೋಗುವುದು ಕೈಕೆಲಸ. ಎಲ್‌ಇಡಿ ಪರದೆಯನ್ನು ಒಂದು ವಾರದಲ್ಲಿ ತರಿಸಿ ನಿಲ್ಲಿಸಬಹುದು. ಬೆಳ್ಳಿ ತಂತಿ ಕೂರಿಸಲು, ಹಸಿ ಮರ ಒಣಗಲು, ಒಂದು ಸಂದು ಸರಿಯಾಗಿ ಹೊಂದಲು ಅದರದೇ ಕಾಲ ಬೇಕು. ಅವಸರಕ್ಕೆ ಬಿದ್ದ ಪೆವಿಲಿಯನ್ ಪರದೆಗಳ ಮನೆಯಾಗುತ್ತದೆ.

ಅದಕ್ಕಾಗಿಯೇ ಈಗ ಬರೆಯುತ್ತಿದ್ದೇನೆ. 2027ರ ಬೇಸಿಗೆಯಲ್ಲಿ ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ ನಡೆಯುವ ಮೇಳದ ವಿಷಯವೇ ಆಟ. ಚನ್ನಪಟ್ಟಣಕ್ಕೆ, ಕೊಪ್ಪಳದ ಕಿನ್ನಾಳಕ್ಕೆ ಇದಕ್ಕಿಂತ ಒಳ್ಳೆಯ ಕರೆ ಬರಲಾರದು. ದೊಡ್ಡ ಮೇಳ ರಿಯಾದ್‌ನಲ್ಲಿ, 2030ರ ಅಕ್ಟೋಬರ್ 1ರಿಂದ 2031ರ ಮಾರ್ಚ್ 31ರವರೆಗೆ. ಮರುಭೂಮಿಯ ನಾಡು, ನೀರೇ ಅಲ್ಲಿಯ ಚಿಂತೆ. ಬೀದರ್‌ನ ನೌಬಾದ್ ಬಳಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ಸುರಂಗದಲ್ಲಿ, ಯಾವ ಪಂಪ್ ಇಲ್ಲದೆ, ಇಳಿಜಾರಿನ ಲೆಕ್ಕವೊಂದರಿಂದಲೇ ಅಂತರ್ಜಲ ಊರಿಗೆ ಹರಿದು ಬರುತ್ತಿತ್ತು. ಉದ್ದಕ್ಕೂ ಗಾಳಿಗೆಂದು ಬಾವಿಯಂಥ ಕಿಂಡಿಗಳು. ಆ ವಿದ್ಯೆಯೂ ಪರ್ಷಿಯಾದ ಕಡೆಯಿಂದ ಬಂದದ್ದೇ. ಹೂಳು ತುಂಬಿದ್ದ ಅದನ್ನು ನಮ್ಮ ಕಾಲದಲ್ಲಿ ಹೂಳೆತ್ತಿ ಮತ್ತೆ ಬೆಳಕಿಗೆ ತಂದಿದ್ದಾರೆ. ರಿಯಾದ್‌ನಲ್ಲಿ ಭಾರತದ ಪೆವಿಲಿಯನ್‌ನ ನೆಲವೇ ಒಂದು ಕರೇಜ್ ಆಗಲಿ. ಜನ ತಂಪಾದ ಸುರಂಗದೊಳಗೆ ನಡೆದು, ಕಿಂಡಿಯಿಂದ ಬೀಳುವ ಬೆಳಕಿನಲ್ಲಿ ಕಾಲಡಿಯ ನೀರು ನೋಡಲಿ. ಅಂತರ್ಜಲವನ್ನು ಇಂದಿನ ಉಪಗ್ರಹ ಹೇಗೆ ಹುಡುಕುತ್ತದೆ ಎನ್ನುವುದನ್ನು ಅದೇ ಸುರಂಗದ ಗೋಡೆಯ ಮೇಲೆ ತೋರಿಸಿ. ಆಗ ಎರಡು ಕೋಣೆ ಬೇಕಾಗುವುದಿಲ್ಲ.

ಸೌದಿಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಿಂದ ಹೋಗಿ ದುಡಿಯುತ್ತಿರುವ ಕನ್ನಡಿಗರು ಬಹಳ. ಮೇಳ ಕಟ್ಟುವ ಕೈಗಳಲ್ಲಿ ಅವರವೂ ಇರುತ್ತವೆ, ಕೇರಳದವರವೂ, ಬಿಹಾರದವರವೂ ಇರುತ್ತವೆ. ನಮ್ಮ ಪೆವಿಲಿಯನ್ನನ್ನು ಕಟ್ಟಿದವರ ಹೆಸರುಗಳನ್ನೂ ಬಾಗಿಲಿನ ಪಕ್ಕದ ಗೋಡೆಯ ಮೇಲೆ ಬರೆಸಿ, ಅವರವರ ಭಾಷೆಯ ಲಿಪಿಯಲ್ಲಿ. ಶುಕ್ರವಾರ ರಜೆಯ ದಿನ ಸ್ನೇಹಿತರನ್ನು ಕರೆದುಕೊಂಡು ಬಂದು, ಇಗೋ ನನ್ನ ಹೆಸರು ಎಂದು ತೋರಿಸುವಷ್ಟು ದೊಡ್ಡ ಅಕ್ಷರದಲ್ಲಿ.

ಕಳೆದ ವಾರ ಚನ್ನಪಟ್ಟಣಕ್ಕೆ ಹೋಗಿದ್ದೆ. ಈ ಪತ್ರದ ಕರಡನ್ನು ಆ ಹಿರಿಯರಿಗೆ ಓದಿ ಹೇಳಿ, ‘ಸರ್ಕಾರ ಕರೆದರೆ ರಿಯಾದ್‌ಗೆ ಹೋಗುತ್ತೀರಾ?’ ಎಂದು ಕೇಳಿದೆ. ಅವರಿಗೆ ಎಪ್ಪತ್ತು ದಾಟಿದೆ. ಲೇತ್ ನಿಲ್ಲಿಸಿ, ಮೈಮೇಲಿನ ಮರದ ಹೊಟ್ಟು ಕೊಡವಿಕೊಂಡು, ಸ್ವಲ್ಪ ಯೋಚಿಸಿ ಕೇಳಿದರು: ‘ಲೇತ್ ಅಲ್ಲೇ ಕೊಡುತ್ತಾರೋ, ಇಲ್ಲಿಂದಲೇ ಒಯ್ಯಬೇಕೋ? ಹಾಲೆ ಮರ ಅಲ್ಲಿ ಸಿಗುವುದಿಲ್ಲ. ಈಗಲೇ ಹೇಳಿದರೆ ಕಡಿಸಿ ನೆರಳಲ್ಲಿ ಒಣಗಲು ಇಡುತ್ತೇನೆ.’

ನನ್ನ ಬಳಿ ಉತ್ತರವಿರಲಿಲ್ಲ. ಅವರ ಆ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ನಿವೃತ್ತ ಟೂಲ್‌ರೂಮ್ ಕೆಲಸಗಾರ
ಬೆಂಗಳೂರು